ಐಸ್ ಅಕ್ಕ ಮತ್ತು ತಂಗಿಯ ಮಾಸು

ಆಸ್ಪತ್ರೆಯಲ್ಲಿ ಅವಳಿಗೆ ‘ಐಸ್ ಅಕ್ಕ’ ಎಂದೇ ಹೆಸರು. ಹೆರಿಗೆ ವಾರ್ಡಿನಲ್ಲಿ ಐಸ್ ಡಬ್ಬಿ ಹಿಡಿದು, ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುವ ಹೆಂಗಸು ಬೇರೆ ಯಾರಿದ್ದಾರೆ? ಲೋಕವೆಲ್ಲ ಮಗುವಿಗೆ ಕಾದರೆ ಇವಳು ಅದರ ಹಿಂದೆ ಬೀಳುವ ಮಾಸಿಗೆ ಕಾಯುತ್ತಾಳೆ ಎಂದು ನರ್ಸುಗಳು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಕೆಲಸವೇ ಅದು.

ಬಸುರಿನಲ್ಲಿ ರಕ್ತದೊತ್ತಡ ಏರಿದವರ ಮಾಸನ್ನು ಅವಳು ಕೆಲಸ ಮಾಡುವ ಲ್ಯಾಬ್ ಪರೀಕ್ಷಿಸುತ್ತಿತ್ತು. ಅಂಥ ಮಾಸಿಗೆ ರಕ್ತ ನೆಟ್ಟಗೆ ಹರಿಯದೆ, ಆಮ್ಲಜನಕ ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ, ಹೆಚ್ಚಿಟ್ಟ ಸೇಬಿನ ಹಾಗೆ ಒಳಗೊಳಗೇ ಕೆಡುತ್ತದೆ. ಡಾಕ್ಟರು ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಹೊರಬಂದ ಮಾಸನ್ನು ಕೂಡಲೇ ತೊಳೆದು, ಚೂರು ಮಾಡಿ, ಹೆಪ್ಪುಗಟ್ಟಿಸಬೇಕು. ತಡವಾದರೆ ಅದು ಕೆಟ್ಟದ್ದು ಹೊಟ್ಟೆಯೊಳಗೋ ಹೊರಗಿನ ಗಾಳಿಗೋ ತಿಳಿಯುವುದಿಲ್ಲ. ಹಾಗಾಗಿ ಮಾಸು ತಟ್ಟೆಗೆ ಬಿದ್ದದ್ದೇ ತಡ, ಐಸ್ ಅಕ್ಕ ಹಿಂದೆ ಮುಂದೆ ನೋಡದೆ ಓಡುತ್ತಿದ್ದಳು.

ಅವಳ ಬಸುರಿ ತಂಗಿಗೆ ಏಳು ತಿಂಗಳಾದಾಗ ಮುಖ, ಕಾಲು ಊದಿಕೊಂಡವು. ಒತ್ತಡ ಏರಿ ಅದೇ ವಾರ್ಡು ಸೇರಿದಳು. ಮಾಸನ್ನು ಲ್ಯಾಬಿಗೆ ಕೊಡಲು ಒಪ್ಪಿಸಿದವಳೂ ಅಕ್ಕನೇ. ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುತ್ತೇವೆಂದು ಡಾಕ್ಟರು ಹೇಳಿದಾಗ ತಂಗಿ ಅಕ್ಕನ ಕೈ ಹಿಡಿದಳು.

“ಮಗು ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ನಂಗಂತೂ ಎಚ್ಚರ ಇರಲ್ಲ. ನೀನು ಅದರ ಹತ್ರಾನೇ ಇರಕ್ಕ.”

“ಇರ್ತೀನಿ ಕಣೆ. ಬಿಟ್ಟು ಎಲ್ಲಿಗೆ ಹೋಗ್ಲಿ?”

ಹೋದಳು. ಮಗುವನ್ನು ಮೂಲೆಯ ಮೇಜಿಗೆ ಒಯ್ದು ಉಸಿರು ಕೊಡಿಸುತ್ತಿದ್ದಾಗ ಇವಳ ಕೈಗೆ ತಟ್ಟೆ ಬಂತು. ಸಣ್ಣ ಮಾಸು, ಅಲ್ಲಲ್ಲಿ ಬಿಳಿಚಿ ಗಟ್ಟಿಯಾಗಿತ್ತು, ಲ್ಯಾಬ್ ಹುಡುಕುತ್ತಿದ್ದಂಥದ್ದೇ. ಕಾಲು ತಾನಾಗಿ ಓಡಿತು. ತೊಳೆದು, ಕತ್ತರಿಸಿ, ಹೆಪ್ಪುಗಟ್ಟಿಸಿದಳು. ಒಳ್ಳೇ ಸ್ಯಾಂಪಲ್ ಎಂದು ಖುಷಿಯೂ ಆಯಿತು, ಪಾಪಿಗೆ. ಗ್ಲೌಸ್ ಕಳಚುವಾಗಲಷ್ಟೇ ಅದು ಯಾರದೆಂದು ನೆನಪಾಗಿ, ಬಂದ ದಾರಿಯಲ್ಲೇ ತಿರುಗಿ ಓಡಿದಳು.

ಮರಳಿ ಬರುವಷ್ಟರಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮುಖ ಮುಚ್ಚಿದ್ದರು. ಅದು ಅತ್ತಿತ್ತೇ ಎಂದು ನರ್ಸನ್ನು ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಕೇಳಿದರೆ ತಾನಿರಲಿಲ್ಲವೆಂದು ತಾನೇ ಸಾರಿದಂತೆ.

ಎಚ್ಚರವಾದ ತಂಗಿ ಕೇಳಿದ್ದು ಅದನ್ನೇ. “ಅತ್ತಿತಾ ಅಕ್ಕ?”

“ಅತ್ತಿತು. ಸಣ್ಣಗೆ.”

“ಸದ್ಯ, ನೀನಾದ್ರೂ ಇದ್ದೆ.”

ತಂಗಿ ಚೇತರಿಸಿಕೊಂಡಳು. ಅಕ್ಕನಿಗೆ ಮಾತ್ರ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ. ಮಗುವಿನ ಬಗ್ಗೆ ಅಮ್ಮ ಕೇಳಿದರೂ, ತಂಗಿಯ ಗಂಡ ಕೇಳಿದರೂ, ತಂಗಿ ಅವಳತ್ತ ತಿರುಗಿ ನೀನೇ ಹೇಳು ಎನ್ನುತ್ತಾಳೆ. ಒಂದು ಸುಳ್ಳಿಗೆ ನೂರು ಸುಳ್ಳು. ಮೊದಲು ಸುಳ್ಳಿನಲ್ಲಿ ಅಳು ಮಾತ್ರ ಇತ್ತು. ಆಮೇಲೆ ಮಗು ಕಣ್ಣು ಬಿಟ್ಟಿತು, ಇವಳತ್ತ ನೋಡಿತು. ಇಂಥ ಅಕ್ಕ ಸಿಗಲು ಪುಣ್ಯ ಬೇಕೆಂದು ಅಮ್ಮ ಕಣ್ಣೊರೆಸಿಕೊಂಡಾಗ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜ ಹೇಳಿದರೆ ತಂಗಿಯ ಪಾಲಿಗೆ ಆ ಮಗು ಯಾರೂ ಇಲ್ಲದೆ ಸತ್ತಂತೆ.

ಮೊನ್ನೆ ಬಟ್ಟೆ ಮಡಚುತ್ತ ಕೂತಿದ್ದ ತಂಗಿ, ಮಗು ನಿನ್ನ ಬೆರಳು ಹಿಡಿದಿತ್ತಾ ಎಂದು ಕೇಳಿದಳು. ಹಿಡಿದಿತ್ತು ಎಂದಳು ಅಕ್ಕ. ತಂಗಿ ಮಡಚುವುದನ್ನು ಬಿಟ್ಟು ಹತ್ತಿರ ಸರಿದಳು.

“ಯಾವ ಬೆರಳು ಅಕ್ಕ?”

ಅಕ್ಕ ತೋರುಬೆರಳು ಚಾಚಿದಳು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.