ಮೂರನೇ ರೌಂಡಿನ ನಾಲ್ಕು ನಿಮಿಷ

ನನ್ನ ಮಗಳ ಅರವತ್ತು ಕಾರ್ಡುಗಳಲ್ಲಿ ಒಂದನ್ನು ಮಾತ್ರ ಜಡ್ಜ್ ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು ಮೊಬೈಲ್ ಟಾರ್ಚಿಗೆ ಅಡ್ಡ ಹಿಡಿದರು. ಬೆಳಕು ಕಾರ್ಡನ್ನು ದಾಟಿ ಈಚೆ ಬಂತು.

ಬರಬಾರದಿತ್ತು.

ಅಸಲಿ ಕಾರ್ಡಿನ ಎರಡು ಪದರಗಳ ನಡುವೆ ಒಂದು ಕಪ್ಪು ಹಾಳೆ ಇರುತ್ತದಂತೆ. ಟಾರ್ಚ್ ಹಿಡಿದರೆ ಬೆಳಕು ಅಲ್ಲೇ ನಿಲ್ಲುತ್ತದೆ. ನಕಲಿಯಾದರೆ ದಾಟಿಬಿಡುತ್ತದೆ. ಈ ವಿಷಯ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಜಡ್ಜ್ ಮುಖ ನೋಡಿದ್ದೇ ಸಾಕಾಯಿತು.

ಆ ಕಾರ್ಡು ತಂದುಕೊಟ್ಟವಳು ನಾನು.

ಹೋದ ಭಾನುವಾರದ ಮಾತಿದು. ಬಳ್ಳಾರಿಯ ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಊಟದ ಟೇಬಲ್ಲುಗಳ ಮೇಲೆ ರಬ್ಬರ್ ಮ್ಯಾಟ್ ಹಾಸಿಕೊಂಡು ನಲವತ್ತು ಚಿಲ್ಲರೆ ಜನ ಎದುರುಬದುರು ಕೂತು ಕಾರ್ಡ್ ಆಡುತ್ತಿದ್ದರು. (ತಡೆಯಿರಿ, ಇದು ಇಸ್ಪೀಟಲ್ಲ. ಪೊಲೀಸರು ಬಂದು ಎಬ್ಬಿಸಿಕೊಂಡು ಹೋಗುವ ಆಟವೂ ಅಲ್ಲ.) ಈ ಕಾರ್ಡುಗಳ ಮೇಲೆ ರಾಜ, ರಾಣಿ ಇರುವುದಿಲ್ಲ. ವಿಚಿತ್ರ ಪ್ರಾಣಿಗಳು, ಮಂತ್ರಗಳು, ಆಯುಧಗಳು ಇರುತ್ತವೆ. ಒಂದೊಂದಕ್ಕೂ ಒಂದೊಂದು ಶಕ್ತಿ. ವರ್ಷಗಟ್ಟಲೆ ಕೂಡಿಸಿಟ್ಟ ಕಾರ್ಡುಗಳಲ್ಲಿ ಅರವತ್ತನ್ನು ಆರಿಸಿ ನಿಮ್ಮದೇ ಒಂದು ಡೆಕ್ ಕಟ್ಟಬೇಕು. ಎದುರಿನವರ ಡೆಕ್ಕಿನ ಮೇಲೆ ಅದನ್ನು ಆಡಿ ಗೆಲ್ಲಬೇಕು.

ನನ್ನ ಮಗಳು ಮೇಘನಾ ಇದನ್ನು ಮೂರು ವರ್ಷದಿಂದ ಆಡುತ್ತಿದ್ದಾಳೆ. ಈಗ ಬಿ.ಎಸ್‌ಸಿ. ಮೊದಲ ವರ್ಷ. ಅವಳ ಅಪ್ಪ ಕುರುಗೋಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಶುರುವಿನಲ್ಲಿ ಅವರ ತಕರಾರು ಒಂದೇ.

"ಎಲಿ ಆಡಾಕ ಹೆಣ್ಣುಡುಗಿನ್ನ ಕಳಸ್ತೀಯೇನು? ಸ್ಟಾಫ್ ರೂಮಿನಾಗ ನಾ ಏನಂತ ಹೇಳಲಿ?"

ಒಂದು ಭಾನುವಾರ ಕುರುಗೋಡಿನ ಟ್ಯೂಷನ್ ಕ್ಲಾಸೊಂದರಲ್ಲಿ ಸಣ್ಣ ಟೂರ್ನಮೆಂಟ್ ಇತ್ತು. ಮಗಳನ್ನು ಕರೆತರಲು ಹೋದವರು ಹಿಂದಿನ ಬೆಂಚಿನಲ್ಲಿ ಮೂರು ತಾಸು ಕೂತಿದ್ದು ಬಂದರು. "ಆಡಬೇಕಾದ್ರ ಆಕಿ ಮುಖ ನೋಡಿಯೇನು? ದೊಡ್ಡ ಲೆಕ್ಕ ಬಿಡಸಾಕತ್ತಂಗ ಇರ್ತೈತಿ" ಎಂದರು. ಅಂದಿನಿಂದ ಮನೆಯಲ್ಲಿ ಯಾರೂ ಇದನ್ನು ಎಲೆಯಾಟ ಎನ್ನಲಿಲ್ಲ.

ಆಮೇಲೆ ಸಿರುಗುಪ್ಪ. ನನ್ನ ತವರೂರು. ಅಲ್ಲಿ ಮೊಬೈಲ್ ಅಂಗಡಿಯೊಂದರ ಮಹಡಿಯಲ್ಲಿ ಟೂರ್ನಮೆಂಟ್. ಮೇಘನಾ ಕೊನೆಯ ಪಂದ್ಯದವರೆಗೆ ಹೋಗಿ ಹುಲುಗಪ್ಪ ಎನ್ನುವವರ ಎದುರು ಸೋತಳು. ಅವರದ್ದು ಸಿರಿಗೇರಿಯಲ್ಲಿ ಕ್ರಿಮಿನಾಶಕದ ಅಂಗಡಿ, ವಯಸ್ಸು ಮೂವತ್ತೈದರ ಮೇಲೆ, ದಪ್ಪ ಮೀಸೆ. ನಾನು ಅಣ್ಣನ ಮನೆಯಲ್ಲಿ ಊಟ ಮುಗಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಸ್ಸಿನಲ್ಲಿ ಕೇಳಿದೆ.

"ಹೆಂಗ ಸೋತಿ?"

"ಸೋತೆ ಅಷ್ಟ. ಅವರತ್ರ ಬೆಂಕಿ ಹದ್ದು ಐತಿ."

ಬೆಂಕಿ ಹದ್ದು ಅಂದರೆ ಒಂದು ಕಾರ್ಡು. ಇಂಗ್ಲಿಷಿನಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ, ನಮ್ಮ ಮನೆಯಲ್ಲಿ ಹೀಗೇ ಕರೆಯುತ್ತೇವೆ. ಮಗಳು ಕಿಟಕಿಯ ಹೊರಗೆ ಗದ್ದೆ ನೋಡುತ್ತಾ ಕೂತಳು. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ನನ್ನ ಮಗಳಿಗೆ ಕಮ್ಮಿಯಾಗಿರುವುದು ಒಂದು ಕಾರ್ಡು. ಅದನ್ನು ತಂದುಕೊಟ್ಟರೆ ಮುಗಿಯಿತು.

ನಾವು ಅಪ್ಪ ಅಮ್ಮಂದಿರು ಯೋಚಿಸುವುದೇ ಹೀಗಲ್ಲವೇ?

ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿದೆ. ಎಲ್ಲ ಕಡೆಗಿಂತ ತೀರಾ ಅಗ್ಗಕ್ಕೆ ಕೊಡುವವನೊಬ್ಬ ಸಿಕ್ಕ. ಪಾರ್ಸೆಲ್ ಬಂತು. ಸಂಜೆ ಮೇಘನಾ ಕಾಲೇಜಿನಿಂದ ಬರುವ ಮೊದಲು ಅವಳ ಬೇರೆ ಕಾರ್ಡುಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದೆ. ಹಿಂಬದಿಯ ನೀಲಿ ಒಂಚೂರು ತೆಳುವಾಗಿತ್ತು.

ಈ ಅಂಕಣ ಓದುವ ನಿಮಗೆ ನನ್ನ ಹೊಟ್ಟೆಪಾಡು ಗೊತ್ತೇ ಇದೆ. ಹದಿನಾರು ವರ್ಷದಿಂದ ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಸೂಪರ್‌ವೈಸರ್. ಒಂದು ಪ್ಯಾಂಟಿನ ಎಡಗಾಲಿನ ನೀಲಿಗೂ ಬಲಗಾಲಿನ ನೀಲಿಗೂ ಕೂದಲೆಳೆಯಷ್ಟು ಫರಕ್ಕು ಇದ್ದರೂ ಹಿಡಿದು ವಾಪಸ್ ಕಳಿಸುವವಳು. ಅಂಥ ಕಣ್ಣಿಗೆ ಇದು ಕಾಣಲಿಲ್ಲ ಎಂದು ನಾನು ಹೇಳಲಾರೆ. ಕಂಡಿತು. ಬೇರೆ ಬ್ಯಾಚಿನ ಪ್ರಿಂಟ್ ಇರಬಹುದು ಅಂದುಕೊಂಡೆ. ಅಂದುಕೊಂಡೆನೋ, ಹಾಗೆ ಅಂದುಕೊಂಡರೆ ಒಳ್ಳೆಯದು ಎಂದು ಸುಮ್ಮನಾದೆನೋ?

ಹಿಂಬದಿ ಕಾಣದಂಥ ಕಪ್ಪು ಕವರು ಹುಡುಕಿ ಅದರೊಳಗೆ ನಾನೇ ಸೇರಿಸಿದೆ. ಕೈಗೆ ಕೊಟ್ಟಾಗ ಮಗಳು ಕೇಳಿದಳು.

"ಒರಿಜಿನಲ್ ಐತಿ ಹೌದಿಲ್ಲೋ ಅಮ್ಮ?"

"ಮತ್ತ? ನಿನಗ ಡುಪ್ಲಿಕೇಟ್ ತರ್ತೀನೇನು?"

ಅವಳು ಕವರು ಬಿಚ್ಚಿ ನೋಡಲೇ ಇಲ್ಲ. ಅಮ್ಮ ಹೇಳಿದ್ದಾಳಲ್ಲ.

ಬಳ್ಳಾರಿಯ ಈ ಟೂರ್ನಮೆಂಟಿನಲ್ಲಿ ನಾಲ್ಕು ರೌಂಡು. ಮೊದಲ ಎಂಟು ಸ್ಥಾನದವರಿಗೆ ಹುಬ್ಬಳ್ಳಿಯ ದೊಡ್ಡ ಟೂರ್ನಮೆಂಟಿಗೆ ಪ್ರವೇಶ. ಮೊದಲೆರಡು ರೌಂಡ್ ಮೇಘನಾ ಗೆದ್ದಳು. ಮೂರನೆಯದರಲ್ಲಿ ಎದುರಿಗೆ ಬಂದು ಕೂತವರು ಅದೇ ಹುಲುಗಪ್ಪ. ಆಟ ಶುರುವಾಗುವ ಮುಂಚೆ ಜಡ್ಜ್ ನದೀಮ್ ಬಂದು ಇಬ್ಬರ ಡೆಕ್ಕನ್ನೂ ತಪಾಸಣೆಗೆ ತೆಗೆದುಕೊಂಡರು. ನದೀಮ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗ, ಮೆತ್ತಗಿನ ಮಾತು. ತಪಾಸಣೆ ಪ್ರತಿ ರೌಂಡಿನಲ್ಲೂ ಯಾರಾದರೂ ಇಬ್ಬರಿಗೆ ಇರುತ್ತದೆ. ಅದು ಮಾಮೂಲು.

ಟಾರ್ಚ್ ಹಿಡಿದದ್ದು ಆಗಲೇ.

ನಾನು ರಿಬ್ಬನ್ ಕಟ್ಟಿದ್ದರ ಈಚೆ, ಬಂದವರಿಗೆಂದು ಹಾಕಿದ್ದ ಕುರ್ಚಿಯಲ್ಲಿದ್ದೆ. ಎಲ್ಲ ಕೇಳಿಸುತ್ತಿತ್ತು.

"ಈ ಕಾರ್ಡ್ ಎಲ್ಲಿಂದ ಬಂತಮ್ಮ?"

"ಆನ್‌ಲೈನ್ ತರಿಸೀನ್ರಿ ಸರ್."

"ನೀನೇ ತರಿಸೀಯೇನು?"

ಮೇಘನಾ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ತಿರುಗಿ, "ಹೌದ್ರಿ ಸರ್, ನಾನೇ" ಎಂದಳು.

"ಇದು ಡುಪ್ಲಿಕೇಟ್ ಐತಿ. ಗೊತ್ತಿತ್ತೇನು?"

"ಇಲ್ರಿ."

"ನೋಡು, ಗೊತ್ತಿದ್ದು ಹಾಕಿದ್ರ ಇವತ್ತಿನ ಟೂರ್ನಮೆಂಟಿಂದ ಹೊರಗ ಹೋಗಬೇಕು. ಮುಂದ ಒಂದು ವರ್ಷ ಎಲ್ಲೂ ಆಡಂಗಿಲ್ಲ. ಗೊತ್ತಿಲ್ದ ಆಗಿದ್ರ ಬ್ಯಾರೆ ಮಾತು. ಆದ್ರ ನೀ ಮೂರು ವರ್ಷದಿಂದ ಆಡಾಕತ್ತೀದಿ. ಕೈಯಾಗ ಹಿಡಿದ್ರ ತಿಳಿಯಂಗಿಲ್ಲೇನು?"

ಅಕ್ಕಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸಿ ನೋಡತೊಡಗಿದರು. ಮೇಘನಾ ಎರಡೂ ಅಂಗೈಗಳನ್ನು ಮ್ಯಾಟಿನ ಮೇಲೆ ಒತ್ತಿಟ್ಟುಕೊಂಡಿದ್ದಳು. ಸಣ್ಣವಳಿದ್ದಾಗ ಇಂಜೆಕ್ಷನ್‌ಗೆ ಕೂತಾಗಲೂ ಹೀಗೇ ಮಾಡುತ್ತಿದ್ದಳು.

ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿಗೆ ಅವಳು ನನ್ನ ಮಗಳು ಎಂದು ಗೊತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ನೋಡ್ರಿ, ಇಷ್ಟು ವಯಸ್ಸಿಗೇ ಹೆಂಗ ಮೋಸ ಕಲ್ತಾವ."

ನಾನು ತಲೆಯಾಡಿಸಿದೆ.

ಹೌದು. ತಲೆಯಾಡಿಸಿದೆ. ಯಾಕೆ ಎಂದು ಕೇಳಬೇಡಿ, ವಾರದಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಏಳಬೇಕು, ಹೇಳಬೇಕು ಎಂದು ತಲೆಯೊಳಗೆ ಬಡಿದುಕೊಳ್ಳುತ್ತಿತ್ತು. ಅದರ ಜೊತೆಗೇ ಬೇರೆ ಲೆಕ್ಕಗಳೂ ನಡೆದಿದ್ದವು. ಇಷ್ಟು ಜನರ ಮುಂದೆ ಏನೆಂದು ಹೇಳಲಿ? ನಾನು ಹೇಳಿದರೆ ಅವಳು ಸುಳ್ಳು ಹೇಳಿದಂತಾಗಿ ಇನ್ನೂ ದೊಡ್ಡದಾದರೆ? ಯೂನಿಟ್ಟಿನವರು ಯಾರಾದರೂ ಇಲ್ಲಿದ್ದರೆ? ಪೇಪರಿನಲ್ಲಿ ಬರೆಯುವವಳು ಬೇರೆ. ಜಡ್ಜ್ ಒಳ್ಳೆಯವನಂತೆ ಕಾಣುತ್ತಾನೆ, ಅವನೇ ಬಿಟ್ಟುಬಿಟ್ಟರೆ?

ಎದ್ದದ್ದು ನಾನಲ್ಲ. ಹುಲುಗಪ್ಪ.

"ಸರ್, ಒಂದು ಮಾತು ಹೇಳ್ತೀನ್ರಿ" ಎಂದರು. "ಸಿರುಗುಪ್ಪದಾಗ ಈ ಹುಡುಗಿ ಜೋಡಿ ಆಡೀನಿ. ಕೊನಿಗೆ ನನ್ನ ಪಾಯಿಂಟ್ ನಾನೇ ಕಮ್ಮಿ ಬರಕೊಂಡಿದ್ದೆ. ಈಕಿನೇ 'ಅಣ್ಣಾ, ನಿಮ್ಮವು ಇನ್ನೂ ಎರಡು ಅದಾವ' ಅಂತ ತಿದ್ದಿಸಿದ್ಲು. ಸುಮ್ಮನಿದ್ದಿದ್ರ ಅವತ್ತು ಆಕಿ ಗೆಲ್ತಿದ್ಲು. ಇಂಥಾಕಿ ಗೊತ್ತಿದ್ದು ಡುಪ್ಲಿಕೇಟ್ ಹಾಕಂಗಿಲ್ರಿ."

ಬಸ್ಸಿನಲ್ಲಿ ಮಗಳು ನನಗೆ ಹೇಳದೆ ಬಿಟ್ಟಿದ್ದು ಇದು. ಅವಳು ಸೋತದ್ದು ಕಾರ್ಡು ಇಲ್ಲದ್ದಕ್ಕಲ್ಲ. ನಾನು ಸರಿಯಾಗಿ ಕೇಳಿಯೂ ಇರಲಿಲ್ಲ.

ಆಮೇಲೆ ನಾನು ಎದ್ದೆ. ರಿಬ್ಬನ್ ದಾಟಿದೆ.

"ಅಕ್ಕಾ, ಪ್ಲೇಯರ್ ಬಿಟ್ಟು ಬ್ಯಾರೆ ಯಾರೂ ಒಳಗ ಬರಂಗಿಲ್ರಿ" ಎಂದರು ನದೀಮ್.

"ಆಕಿ ನನ್ನ ಮಗಳ್ರಿ. ಆ ಕಾರ್ಡ್ ತಂದುಕೊಟ್ಟಾಕಿ ನಾನು. ಒರಿಜಿನಲ್ ಹೌದೇನಂತ ಆಕಿ ಕೇಳಿದ್ಲು. ಹೌದಂದೆ. ನನಗ ಅನುಮಾನ ಇತ್ತು. ಇದ್ರೂ ಹೌದಂದೆ."

ಪಕ್ಕದ ಕುರ್ಚಿಯ ಹೆಂಗಸಿನ ಮುಖ ನೋಡುವ ಧೈರ್ಯವಾಗಲಿಲ್ಲ. ನದೀಮ್ ನನ್ನ ಮೊಬೈಲ್ ಕೇಳಿ ಆರ್ಡರ್ ಮಾಡಿದ ಮೆಸೇಜು ನೋಡಿದರು. ಇನ್ನೊಬ್ಬ ಹಿರಿಯ ಜಡ್ಜ್ ಜೊತೆ ಮೂಲೆಗೆ ಹೋಗಿ ಮಾತಾಡಿದರು. ಆ ಹೊತ್ತು ಮೇಘನಾ ನನ್ನ ಕಡೆ ತಿರುಗಲಿಲ್ಲ. ನಾನು ಅವಳ ಭುಜ ಮುಟ್ಟಲು ಕೈ ಚಾಚಿ ಹಿಂದೆ ತೆಗೆದುಕೊಂಡೆ.

ಜಡ್ಜ್‌ಗಳು ವಾಪಸ್ ಬಂದು ತೀರ್ಪು ಹೇಳಿದರು. ಆಡಬಹುದು, ಆದರೆ ಆ ಕಾರ್ಡಿನ ಬದಲು ಒಂದು ಸಾಮಾನ್ಯ ಕಾರ್ಡು. ಮೂರು ಆಟದ ಈ ರೌಂಡಿನಲ್ಲಿ ಮೊದಲನೆಯದನ್ನು ಸೋತಂತೆ.

ಹುಲುಗಪ್ಪ ಪರವಾಗಿ ಮಾತಾಡಿದರು ನಿಜ, ಆಟದಲ್ಲಿ ಒಂಚೂರೂ ಸಡಿಲ ಬಿಡಲಿಲ್ಲ. ಮೇಘನಾ ಎರಡನೆಯದನ್ನು ಗೆದ್ದಳು. ಮೂರನೆಯದನ್ನು ಅವರು ಗೆದ್ದರು. ಎದ್ದು ಕೈಕುಲುಕಿ, "ಚಲೋ ಆಡಿದಿ ತಂಗಿ" ಎಂದು ಹೋದರು.

ಕೊನೆಯ ರೌಂಡಿನಲ್ಲಿ ಎದುರಿಗೆ ಕೂತ ಹೊಸಪೇಟೆಯ ಹುಡುಗಿ ಮೊದಲು ಕೈ ಎತ್ತಿ ಜಡ್ಜ್‌ನ ಕರೆದಳು. "ಸರ್, ಇವರ ಡೆಕ್ ಇನ್ನೊಮ್ಮೆ ನೋಡಿಬಿಡ್ರಿ." ಬೆಳಗ್ಗೆ ಇದೇ ಮೇಘನಾ ಜೊತೆ ಸೆಲ್ಫಿ ತೆಗೆಸಿಕೊಂಡಿದ್ದ ಹುಡುಗಿ. ಮೇಘನಾ ಡೆಕ್ಕನ್ನು ಮುಂದೆ ಸರಿಸಿದಳು. ಉಳಿದ ಐವತ್ತೊಂಬತ್ತು ಕಾರ್ಡು ಅಸಲಿಯಾಗಿದ್ದರೆ ಏನು, ಒಂದು ಸಲ ಬೆಳಕು ಈಚೆ ಬಂದ ಮೇಲೆ ಎಲ್ಲವನ್ನೂ ಹಿಡಿದು ನೋಡುತ್ತಾರೆ. ಆ ರೌಂಡ್ ಅವಳು ಗೆದ್ದಳು. ಆದರೂ ಕೊನೆಗೆ ಹತ್ತನೇ ಸ್ಥಾನ. ಹುಬ್ಬಳ್ಳಿ ತಪ್ಪಿತು.

ಸತ್ಯನಾರಾಯಣಪೇಟೆಯ ಮನೆಗೆ ಆಟೋದಲ್ಲಿ ಬರುವಾಗ ನಾನೇ ಮಾತು ತೆಗೆದೆ.

"ನೀನೇ ತರಿಸಿದ್ದು ಅಂತ ಯಾಕ ಹೇಳಿದಿ?"

"ನಮ್ಮಮ್ಮ ಕೊಟ್ಟಾಳ ಅಂದ್ರ ಯಾರು ನಂಬ್ತಾರ? ಸಿಕ್ಕಿಬಿದ್ದವರೆಲ್ಲ ಹಂಗೇ ಅಂತಾರ."

"ನಾ ಬಂದು ಹೇಳಿದೆನಲ್ಲ."

"ಹೇಳಿದಿ." ಡೆಕ್ಕನ್ನು ಬ್ಯಾಗಿಗೆ ಸೇರಿಸಿ ಜಿಪ್ ಎಳೆದಳು. "ಗೋಡಿ ಮ್ಯಾಲೆ ಟೈಮರ್ ಇತ್ತಮ್ಮ. ನಿನ್ನ ಕಡೆ ನೋಡಿದಾಗಿಂದ ನಾಲ್ಕು ನಿಮಿಷ."

ನಾನು ತಕ್ಷಣ ಎದ್ದೆ ಅಂತಲೇ ಅಂದುಕೊಂಡಿದ್ದೆ.

ಮಕ್ಕಳ ಸೈನ್ಸ್ ಮಾಡೆಲ್ಲನ್ನು ಅಂಗಡಿಯಲ್ಲಿ ಮಾಡಿಸಿ ಅವರ ಹೆಸರು ಅಂಟಿಸಿ ಕಳಿಸುವವರು ನಾವು. ಪ್ರಬಂಧ ಬರೆದುಕೊಡುವವರು ನಾವು. ಭಾಷಣ ಬಾಯಿಪಾಠ ಮಾಡಿಸುವವರೂ ನಾವೇ. ಎಲ್ಲ ಪ್ರೀತಿಯಿಂದಲೇ, ಅನುಮಾನವೇ ಇಲ್ಲ. ಆದರೆ ಕೇಳುವವರು ಬಂದಾಗ ಟೇಬಲ್ಲಿನ ಮುಂದೆ ಕೂತಿರುವುದು ಮಕ್ಕಳು. ನಾವು ರಿಬ್ಬನ್ನಿನ ಈಚೆ ಕುರ್ಚಿಯಲ್ಲಿರುತ್ತೇವೆ, ನಮ್ಮ ಮರ್ಯಾದೆಯ ಲೆಕ್ಕ ಹಾಕುತ್ತಾ.

ಮೇಘನಾ ಕೋಪ ಮಾಡಿಕೊಂಡಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಊಟ ಮಾಡುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಿನ್ನೆ ನಾನು ಬೆಂಡೆಕಾಯಿ ಬಲಿತಿಲ್ಲ ಎಂದಾಗ ಒಂದನ್ನು ಮುರಿದು ನೋಡಿದಳು. ಬೇಕೆಂದು ಮಾಡಿದಳೋ ಸುಮ್ಮನೆಯೋ ತಿಳಿಯಲಿಲ್ಲ.

ಬರುವ ಭಾನುವಾರ ಸಿರುಗುಪ್ಪದಲ್ಲಿ ಮತ್ತೆ ಟೂರ್ನಮೆಂಟ್ ಇದೆ. ಹಿಂದೆ ಇಂಥದ್ದಕ್ಕೆಲ್ಲ ನಾನು ಹೇಳದೆ ಕೇಳದೆ ಬ್ಯಾಗು ಹಿಡಿದು ಹೊರಡುತ್ತಿದ್ದೆ. ಈ ಸಲ ಕೇಳಿದೆ.

"ನಾ ಬರ್ಲೇನು?"

ಅವಳು ಕಾರ್ಡುಗಳನ್ನು ಜೋಡಿಸುತ್ತಾ ಹೇಳಿದಳು. "ಬಾ. ಆದ್ರ ನನಗಂತ ಏನೂ ತರಬ್ಯಾಡ."

ಏನೂ ತಾರದೆ ಮಕ್ಕಳ ಹತ್ತಿರ ಹೋಗಿ ಸುಮ್ಮನೆ ಕೂರುವುದು ಹೇಗೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯಾ?