ಅತ್ತೆ ಹೊಲಿದ ಜಾಲರಿ

ನಮ್ಮ ಅತ್ತೆಯ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಹೊಲಿಗೆಗೆ ಕುಳಿತರೆ ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು, ಕಚ್ಚಿಕೊಂಡೇ ನಗುತ್ತಿದ್ದರು. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತರಲ್ಲಿ ಅವರು ನಕ್ಕಾಗಲೆಲ್ಲ ಸೂಜಿ ನುಂಗಿಬಿಟ್ಟಾರೆಂದು ನಾನು ಹೆದರುತ್ತಿದ್ದೆ.

“ಕಾಚಿಗೂಡದಾಗ ರೈಲು ಹತ್ತೂದು, ತವರೂರಾಗ ಇಳಿಯೂದು. ಇಷ್ಟಾ ನೋಡು ನನ್ನ ದುನಿಯಾ” ಎನ್ನುತ್ತಿದ್ದರು. ಅವರಿಗೆ ಒಮ್ಮೆಯಾದರೂ ಸಮುದ್ರ ನೋಡುವ ಹುಚ್ಚು.

ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಮಾವ ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟು ಕಿತ್ತು, ಮಲಗಲು ಹಲಗೆ, ಒಲೆಗೊಂದು ಕಟ್ಟೆ ಮಾಡಿಸಿದ್ದರು. ಮೊದಲ ತಿರುಗಾಟದಲ್ಲೇ ಎಡವಟ್ಟಾಯಿತು. ಕೆರೆಯ ಪಕ್ಕ ತಂಗಿದಾಗ ಬಾಗಿಲು ಮುಚ್ಚಿದರೆ ಧಗೆ, ತೆರೆದರೆ ಸೊಳ್ಳೆ. ಮನೆಗೆ ಬಂದ ಹತ್ತು ಹದಿನೈದು ದಿನಕ್ಕೆ ಮಾವ ಮಲೇರಿಯಾದಿಂದ ಹಾಸಿಗೆ ಹಿಡಿದರು. ಎದ್ದವರೇ ವ್ಯಾನ್ ಮಾರುತ್ತೇನೆಂದರು. ಭಾನುವಾರ ಗಿರಾಕಿ ಬರುವುದೂ ನಿಕ್ಕಿಯಾಯಿತು.

“ಸಮುದ್ರ ಇನ್ನೂ ನೋಡಿಲ್ರಿ ನಾ” ಎಂದರು ಅತ್ತೆ.

ಮರುದಿನವೇ ಅತ್ತೆ ನನ್ನನ್ನು ಅಬಿಡ್ಸ್ ಪೇಟೆಗೆ ಎಳೆದುಕೊಂಡು ಹೋಗಿ ಸೊಳ್ಳೆಜಾಲರಿ ತಂದರು. ಅಳತೆಗೆ ಕತ್ತರಿಸಿ, ಅಂಚು ಮಡಚಿ ಹೊಲಿದು, ವ್ಯಾನಿನ ಬಾಗಿಲಿಗೆ ಅಂಟಿಸಿದೆವು. ಮಧ್ಯಾಹ್ನದ ಬಿಸಿಲಿಗೆ ಅಂಟು ಕರಗಿ ಇಡೀ ಜಾಲರಿ ಕಳಚಿ ಬಿತ್ತು. ಮರದ ಚೌಕಟ್ಟು ಇಟ್ಟು ನೋಡಿದೆವು, ಬಾಗಿಲೇ ಮುಚ್ಚಲಿಲ್ಲ.

ಶನಿವಾರ ಸಂಜೆ ಅತ್ತೆ ನೀರಿಗೆಂದು ಫ್ರಿಜ್ ತೆರೆದರು. ಮುಚ್ಚಿದರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು.

“ಏ ಹುಡುಗಿ, ಬಾ ಇಲ್ಲಿ! ಈ ರಬ್ಬರಿನ್ಯಾಗ ಏನೈತಿ? ಹ್ಯಾಂಗ ಹಿಡಕೋತೈತಿ ನೋಡು!”

“ಒಳಗ ಅಯಸ್ಕಾಂತ ಇರ್ತೈತ್ರಿ ಅತ್ತ್ಯಾರ.”

“ನಮ್ಮ ವ್ಯಾನೂ ಕಬ್ಬಿಣದ್ದ ಅಲ್ಲೇನು?”

ನಾನು ಹೂಂ ಎನ್ನುವಷ್ಟರಲ್ಲಿ ಅವರು ಫ್ರಿಜ್ಜಿನ ಬಾಗಿಲ ಸುತ್ತಲಿನ ರಬ್ಬರನ್ನು ಸರ್ರನೆ ಕಿತ್ತಿದ್ದರು.

“ಅಯ್ಯ, ಮಾವನವರು ಬೈತಾರ್ರೀ!”

“ಬೈಲಿ. ಸಮುದ್ರದ ಮುಂದ ಕೂತು ಬೈಸ್ಕೋತೀನಿ. ನೀ ಹಾಲು ಕಾಸಿ ಇಡು.”

ರಬ್ಬರಿನೊಳಗಿನ ಅಯಸ್ಕಾಂತದ ಪಟ್ಟಿಯನ್ನು ಜಾಲರಿಯ ಅಂಚಿನಲ್ಲಿ ತೂರಿಸಿ ಹೊಲಿದರು. ಕೆಳಗಿನ ಅಂಚು ಹಾರದಂತೆ ಜೋಕಾಲಿಯ ಹಳೆಯ ಸರಪಳಿ ಹಾಕಿದರು.

ಭಾನುವಾರ ಗಿರಾಕಿ ಅಂಗಳಕ್ಕೆ ಬಂದಾಗ ಅತ್ತೆ ಜಾಲರಿ ಎತ್ತಿ ಹಿಡಿದರು. ಟಪ್, ಟಪ್, ಟಪ್ ಎಂದು ಅದು ವ್ಯಾನಿನ ಬಾಗಿಲ ಸುತ್ತ ಕಚ್ಚಿಕೊಂಡಿತು. ಮಾವ ಒಂದು ಬದಿ ಎತ್ತಿ ಒಳಗೆ ನುಸುಳಿದರು. ಹಿಂದೆಯೇ ಅದು ತಾನಾಗಿ ಮುಚ್ಚಿಕೊಂಡಿತು. ಹೊರಗೆ ಬಂದರು, ಮತ್ತೆ ಒಳಹೊಕ್ಕರು. ಕೊನೆಗೆ ಜಾಲರಿಯೊಳಗಿಂದಲೇ ಗಿರಾಕಿಗೆ ತೆಲುಗಿನಲ್ಲಿ “ಅಮ್ಮನಂಡಿ” ಎಂದರು. ಮಾರುವುದಿಲ್ಲವಂತೆ! ನಾನು ಕುಣಿಯುವುದೊಂದು ಬಾಕಿ.

ಮುಂದಿನ ತಿರುಗಾಟದಲ್ಲಿ ಆಂಧ್ರದ ಬಾಪಟ್ಲದ ಕಡಲ ದಂಡೆಯಲ್ಲಿ ಬಾಗಿಲು ತೆರೆದಿಟ್ಟು, ಜಾಲರಿ ಹಾಕಿ ಗಾಳಿಯಲ್ಲಿ ನಿದ್ದೆ ಮಾಡಿದೆವು. ಬೆಳಗಾಗುತ್ತಲೇ ಅತ್ತೆ ನನ್ನ ಭುಜ ಅಲುಗಿಸಿದರು. “ಏಳು, ಏಳು! ಸೂರ್ಯ ನೀರಾಗಿಂದ ಬರಾಕತ್ತಾನ!” ಅಷ್ಟೇ, ಸೀರೆ ಎತ್ತಿ ಕಟ್ಟಿ ಅಲೆಗಳತ್ತ ಓಡಿದ್ದರು. ಮಾವ ಮರಳಿನಲ್ಲಿ ಅವರ ಹಿಂದೆ ಓಡುತ್ತಿದ್ದರು.

ಮರಳುವಾಗ ಖಾಲಿ ರಸ್ತೆಯಲ್ಲಿ ಅತ್ತೆ ಮಾವನಿಗೆ ವ್ಯಾನ್ ನಿಲ್ಲಿಸಲು ಹೇಳಿದರು. “ನೀವು ಸರೀರಿ. ಆಕಿ ಕಲೀಲಿ” ಎಂದು ಮಾವನನ್ನು ಪಕ್ಕಕ್ಕೆ ಕೂರಿಸಿ ನನ್ನ ಕೈಗೆ ಸ್ಟಿಯರಿಂಗ್ ಕೊಡಿಸಿದರು. ಎಂಜಿನ್ ಎಷ್ಟು ಸಲ ನಿಂತರೂ “ಮತ್ತ ಚಾಲೂ ಮಾಡು” ಎನ್ನುತ್ತ ಬೆನ್ನಿಗೆ ಕೂತಿದ್ದರು.

ಅತ್ತೆ ಹೋಗಿ ಬಹಳ ವರ್ಷಗಳಾದವು. ನಾನು ಇಂದಿಗೂ ಗಾಡಿ ಓಡಿಸಿಕೊಂಡು ಊರೂರು ಸುತ್ತುತ್ತೇನೆ. ಹೊಸ ರಸ್ತೆ ಕಂಡಾಗ ಎದೆಯಲ್ಲಿ ಏಳುವ ಹಿಗ್ಗನ್ನು ನನಗೆ ಕೊಟ್ಟವರು ಅವರೇ.