ಪರದೆಯ ಪಕ್ಕದ ಡಾಕ್ಟರು

ಸರ್ಜರಿ ಪಿ.ಜಿ.ಯನ್ನು ನಾನು ಎರಡನೇ ವರ್ಷದಲ್ಲಿ ಬಿಟ್ಟೆ. ಮದುವೆಗಾಗಿ ಬಿಟ್ಟಳು ಎಂದು ಡೊಂಬಿವಲಿಯ ನಮ್ಮ ನೆಂಟರಿಷ್ಟರು ಈಗಲೂ ನಂಬಿದ್ದಾರೆ. ಅವರನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ.

ಎರಡು ಸಾವಿರದ ಹತ್ತರ ಆಚೀಚೆಯ ಮಾತು. ನವಿಮುಂಬಯಿಯ ಆಸ್ಪತ್ರೆಯೊಂದರ ನಮ್ಮ ಯೂನಿಟ್ಟಿನಲ್ಲಿ ಹೆಣ್ಣು ಡಾಕ್ಟರು ಅಂತ ಇದ್ದವಳು ನಾನೊಬ್ಬಳೇ. ಗಂಡು ಡಾಕ್ಟರು ಹೆಂಗಸನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ನಿಂತಿರಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ನರ್ಸುಗಳು ಸಾಲುತ್ತಿರಲಿಲ್ಲವಾದ್ದರಿಂದ ಆ ಹೆಂಗಸು ನಾನಾದೆ. ಎದೆಯ ಗಂಟೋ ಮೂಲವ್ಯಾಧಿಯೋ, ಏನೇ ಇರಲಿ, ನನ್ನನ್ನು ಕಳಿಸಿ ಎಂದು ಹೊರರೋಗಿಗಳ ವಿಭಾಗದಿಂದ ಆಪರೇಷನ್ ಥಿಯೇಟರಿಗೆ ಕರೆ ಬರುತ್ತಿತ್ತು: "ಮೇಡಮ್ ಕೋ ಭೇಜೋ." ನಾನು ಓಪಿಡಿಗೆ ಇಳಿದು ಹೋಗಿ ಪರದೆ ಎಳೆದು ನಿಲ್ಲುತ್ತಿದ್ದೆ. ನಾನೇ ಪರೀಕ್ಷಿಸುತ್ತೇನೆ ಎಂದರೆ, ಲೆಕ್ಚರರೇ ನೋಡಬೇಕು ಎನ್ನುತ್ತಿದ್ದರು. ನೋಡುವವರು ಅವರು, ನಾನು ಕಂಬ. ಕೆಲವು ಹೆಂಗಸರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು, ಪಾಪ. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಮೇಲೆ ಥಿಯೇಟರಿನಲ್ಲಿ ಜೊತೆಯ ಹುಡುಗರ ಕೈ ಪಳಗುತ್ತಿತ್ತು.

ಯೂನಿಟ್ಟಿನ ಮುಖ್ಯಸ್ಥರು ಗದಗಿನ ಕಡೆಯವರು, ನನ್ನೊಡನೆ ಅಕ್ಕರೆಯಿಂದ ಕನ್ನಡವನ್ನೇ ಆಡುವವರು. ಒಂದು ದಿನ, "ನಾಳಿ ಹರ್ನಿಯಾ ನೀನ ಮಾಡವಾ" ಎಂದರು. ನಾನೇ ಮಾಡಲಿದ್ದ ಮೊದಲ ಆಪರೇಷನ್ನು. ಖುಷಿಗೆ ನಿದ್ದೆ ಬರಲಿಲ್ಲ.

ಮರುದಿನ ಕೈ ತೊಳೆದು, ಗೌನು, ಗ್ಲೌಸು ಹಾಕಿ, ಬ್ಲೇಡು ತೆಗೆದುಕೊಂಡಿದ್ದೆ. ಅದೇ ಕರೆ ಬಂತು. ಸರ್ ತಲೆಯೆತ್ತದೆ, "ಹೋಗಿ ಬಾರವಾ, ಪೇಶಂಟ್ ಕಾಯಾಕತ್ತಾಳ" ಅಂದರು. ವಾಪಸು ಬಂದಾಗ ನನಗಿಂತ ಒಂದು ವರ್ಷ ಕಿರಿಯವನು ಹೊಲಿಗೆ ಹಾಕುತ್ತಿದ್ದ. ಚೆನ್ನಾಗಿಯೇ ಹಾಕಿದ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. 

ಆ ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಡೊಂಬಿವಲಿಗೆ ಹೋದೆ. ಅಪ್ಪ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದರು. ಬಿಡುತ್ತೇನೆ ಎಂದೆ.

"ಆಯ್ತು ಮಾರಾಯ್ತಿ. ಹೆಣ್ಣುಮಕ್ಕಳಿಗೆ ಕಷ್ಟವೇ ಅದು" ಎಂದರು. ಅವರಿಗೆ ನಿರಾಳವಾದದ್ದು ಕಂಡಿತು. ಕಷ್ಟದ ಕೆಲಸ ನನ್ನ ಕೈಗೆ ಬಂದೇ ಇಲ್ಲ ಎಂದು ಹೇಳಬಹುದಿತ್ತು. ಇಡ್ಲಿ ತಿಂದೆ.

ಸೋಮವಾರ ಸರ್ ಕೋಣೆಗೆ ಹೋಗಿ, ಪಿ.ಜಿ. ಬಿಡುತ್ತೇನೆ ಎಂದೆ. ಯಾಕೆ ಎಂದು ಅವರು ಕೇಳಿದರೆ ಹೇಳಬೇಕಾದದ್ದನ್ನೆಲ್ಲ ಗಾಡಿಯಲ್ಲಿ ಕೂತು ಜೋಡಿಸಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಜಕ್ಕೂ ನೊಂದುಕೊಂಡಿದ್ದರು.

"ಛೇ," ಅಂದರು, "ಇನ್ನ ಓಪಿಡಿಯೊಳಗ ನಿಂದ್ರಾಕ ಯಾರನ್ನ ಹುಡುಕೂದವಾ?"